ಗೊಬ್ಬರದ ಗುಡ್ಡೆಯಲ್ಲಿ ಎದ್ದ ಡೇವಿಡಿಯಾ

ನಾನು ಬರುವ ಹೊತ್ತಿಗೆ ಈ ತೋಟದ ಮರಗಳೆಲ್ಲ ದೊಡ್ಡವಾಗಿದ್ದವು. ಅವುಗಳಿಂದ ಸಸಿ ಮಾಡಿ ಮಾರುವ ಕೆಲಸ ಮಾತ್ರ ನನ್ನದು. ನರ್ಸರಿಗೆ ಬಂದವರು ತಪ್ಪದೆ ಕೇಳುತ್ತಾರೆ, "ಅಪರೂಪದ ಗಿಡ ಅಂತೀರಿ, ಬೆಳೆಸೋಕೆ ಕಷ್ಟ ಅಲ್ವಾ?" ಒಮ್ಮೆ ನೆಲಕ್ಕೆ ಹೋದರೆ ಇವುಗಳಲ್ಲಿ ಎಷ್ಟೋ ಗಿಡಗಳು ಆರಾಮವಾಗಿ ಬೆಳೆಯುತ್ತವೆ. ಸಸಿ ಮಾಡುವವರಿಗೆ ಕಾಯುವ ತಾಳ್ಮೆ ಇಲ್ಲದ್ದಕ್ಕೇ ಅವು ಅಪರೂಪ.

ನನಗೂ ಇರಲಿಲ್ಲ. ಡೇವಿಡಿಯಾ ಕಲಿಸಿತು. ಚೀನಾ ಮೂಲದ ಮರ ಇದು. ಹೂವಿನ ಎರಡೂ ಪಕ್ಕ ಬಿಳಿ ಎಲೆಗಳು ಒಗೆದು ಒಣಹಾಕಿದ ಕರವಸ್ತ್ರದ ಹಾಗೆ ಜೋಲುತ್ತವೆ. ಕಾಯಿಯೊಳಗೆ ಕಲ್ಲಿನಂಥ ಓಟೆ. ಮೊದಲ ಸಲ ತಿರುಳು ತೆಗೆದು, ತೊಳೆದು, ಕುಂಡಗಳಲ್ಲಿ ಊರಿದೆ. ವಸಂತ ಬಂತು, ಏನೂ ಏಳಲಿಲ್ಲ. ಬೇಸಿಗೆಯೂ ಹೋಯಿತು. ಕುಂಡ ಇಡಲು ಜಾಗ ಸಾಲದೆ ಎಲ್ಲವನ್ನೂ ಗೊಬ್ಬರದ ಗುಡ್ಡೆಗೆ ಸುರಿದೆ.

ಮುಂದಿನ ವಸಂತದಲ್ಲಿ ಗುಡ್ಡೆಯ ಅಂಚಿನಲ್ಲಿ ಸಾಲುಸಾಲು ಸಸಿಗಳು! ಒಂದು ಓಟೆಯಿಂದ ಮೂರು ಎದ್ದಿದ್ದವು, ಒಳಗೆ ಹಲವು ಬೀಜ ಇರುತ್ತವೆ. ಬೆಚ್ಚಗಿನ ತಿಂಗಳುಗಳಲ್ಲಿ ಮೊದಲು ಬೇರು ಬರುತ್ತದೆ. ಆಮೇಲೆ ಚಳಿ ತಾಗಿದರೇ ಕುಡಿ ಮೇಲೇಳುವುದು. ನಾನು ಸುರಿದ ದಿನ ಒಳಗೆ ಬೇರು ಬಿಟ್ಟಾಗಿತ್ತೋ ಏನೋ, ಒಂದನ್ನಾದರೂ ಕೆದಕಿ ನೋಡಬಾರದಿತ್ತೇ? ಆದರೆ ಈ ಮರ ದೊಡ್ಡವರನ್ನೂ ಕಾಯಿಸಿದೆ. 1897ರಲ್ಲಿ ಪಾದ್ರಿ ಫಾರ್ಜ್ ಚೀನಾದಿಂದ ಫ್ರಾನ್ಸಿನ ಸಸ್ಯತಜ್ಞ ವಿಲ್ಮೊರಿನ್ ಅವರಿಗೆ 37 ಬೀಜ ಕಳಿಸಿದರು. ಮೊಳೆತದ್ದು ಒಂದೇ ಒಂದು, ಅದೂ 1899ರಲ್ಲಿ.

ಈಗ ಓಟೆಗಳನ್ನು ಮರಳು, ಎಲೆಗೊಬ್ಬರ ಬೆರೆಸಿದ ಪೆಟ್ಟಿಗೆಯಲ್ಲಿ ಹಾಕಿ, ಇಲಿ ಬಾರದಂತೆ ತಂತಿ ಬಲೆ ಮುಚ್ಚಿ, ಹೊರಗೇ ಎರಡು ಚಳಿಗಾಲ ಬಿಡುತ್ತೇನೆ. ಒಣಗಲು ಮಾತ್ರ ಬಿಡುವುದಿಲ್ಲ. ಟ್ರಿಲಿಯಂ ಎಂಬ ಮೂರೆಸಳಿನ ಕಾಡುಹೂವಿನ ಗಿಡಕ್ಕೂ ಹೀಗೇ. ಅದು ಹೂ ಬಿಡಲು ಮತ್ತೆ 5ರಿಂದ 7 ವರ್ಷ ಕಾಯಬೇಕು.

ಹಳೆಯ ಮ್ಯಾಗ್ನೋಲಿಯಾದ್ದು ಬೇರೆ ತಕರಾರು. ಮುದಿ ಮರದ ಕಡ್ಡಿ ಬೇರು ಬಿಡಲು ಹಟ ಮಾಡುತ್ತದೆ. ನಾನು ನೆಟ್ಟ ಒಂದು ತಟ್ಟೆ ಕಡ್ಡಿ ಪೂರ್ತಿ ಕಪ್ಪಾಯಿತು. ಕೊನೆಗೆ ಕೆಳಗಿನ ಕೊಂಬೆಯನ್ನೇ ಬಗ್ಗಿಸಿ, ಅಡಿಭಾಗದಲ್ಲಿ ಸ್ವಲ್ಪ ಸೀಳಿ, ಮಣ್ಣಲ್ಲಿ ಹೂತು, ಮೇಲೆ ಕಲ್ಲು ಹೇರಿದೆ. ತುದಿಯನ್ನು ನೆಟ್ಟಗೆ ಕೋಲಿಗೆ ಕಟ್ಟಿದೆ. ಎರಡು ವರ್ಷಕ್ಕೆ ಬೇರು ಬಂತು. ವರ್ಷಕ್ಕೆ ಮೂರೋ ನಾಲ್ಕೋ ಸಸಿ, ಅಷ್ಟೇ. ಕೊಳ್ಳುವವರ ಕ್ಯೂ ಜಾಸ್ತಿ ಅಂತ ಕೊಂಬೆಗೆ ಹೇಳೋಕಾಗುತ್ತಾ!

ಇಷ್ಟು ಕಾದ ಮೇಲೂ ನನ್ನನ್ನು ಕೆಡಿಸಿದ್ದು ಕುಂಡಕ್ಕೆ ಸಿಕ್ಕಿಸುವ ಹೆಸರಿನ ಚೀಟಿ. ಮಾರ್ಕರ್ ಶಾಯಿ ಬಿಸಿಲಿಗೆ ಎರಡು ವರ್ಷದಲ್ಲಿ ಮಾಯ. ಎರಡನೇ ವರ್ಷದ ಕುಂಡದಲ್ಲಿ ಕಾಣುವುದು ಬರೀ ಮಣ್ಣು, ಯಾವುದು ಯಾವುದೆಂದು ಹೇಗೆ ಹೇಳಲಿ? ಆಮೇಲೆ ಪೆನ್ಸಿಲ್‌ನಲ್ಲೇ ಬರೆಯುತ್ತೇನೆ, ಪುಸ್ತಕದಲ್ಲೂ ಸಾಲುವಾರು ಬರೆದಿಡುತ್ತೇನೆ.

ಆಗ ಹೆಸರು ಕಳಕೊಂಡ ಕುಂಡಗಳನ್ನು ಎಸೆಯಲಿಲ್ಲ. ಬೇಲಿ ಪಕ್ಕ ಒಂದು ಸಾಲು ಮಾಡಿದ್ದೇನೆ. ಈ ವಸಂತದಲ್ಲಿ ಅದರಲ್ಲೊಂದು ಎರಡು ಎಲೆ ಬಿಟ್ಟಿದೆ. ಮೊನ್ನೆ ಒಬ್ಬರು ಬಂದು, "ಇದನ್ನು ಕೊಡ್ತೀರಾ?" ಅಂದರು. "ಹೂ ಬಿಡಲಿ ಇರಿ," ಅಂದೆ.