ಪೆಟ್ಟು ಬಿದ್ದದ್ದು ತಲೆಗೆ, ನೋವು ಉಳಿದದ್ದು ಕತ್ತಿನಲ್ಲಿ

ತಲೆಗೆ ಪೆಟ್ಟು ಮಾಡಿಕೊಂಡವರನ್ನು ಎಲ್ಲರೂ ವಿಚಾರಿಸುವುದು ತಲೆಯ ಬಗ್ಗೆಯೇ. ಸ್ಕ್ಯಾನ್ ಮಾಡಿಸಿದ್ರಾ, ರಕ್ತ ಹೆಪ್ಪುಗಟ್ಟಿಲ್ಲ ಅಲ್ವಾ, ವಾಂತಿ ಆಯ್ತಾ. ಕತ್ತು ಹೇಗಿದೆ ಅಂತ ಕೇಳುವವರು ಕಡಿಮೆ. ನಾನು ಸ್ಕೂಟರಿನಲ್ಲಿ ಹಿಂದೆ ಕೂತಿದ್ದೆ. ಹಂಪ್ ಹತ್ತಿರ ಗಾಡಿ ಜಾರಿ ಬಿದ್ದು, ತಲೆಯ ಹಿಂಭಾಗ ರಸ್ತೆಗೆ ಬಡಿಯಿತು. ಕರ್ನಾಟಕದಲ್ಲಿ 2016ರಿಂದ ಹಿಂಬದಿ ಸವಾರರಿಗೂ ಹೆಲ್ಮೆಟ್ ಕಡ್ಡಾಯ. ನಾನೂ ಹಾಕಿದ್ದೆ, ಬುರುಡೆ ಉಳಿಯಿತು. ಆದರೆ ಹೆಲ್ಮೆಟ್ ಕತ್ತನ್ನು ಹಿಡಿದುಕೊಳ್ಳುವುದಿಲ್ಲವಲ್ಲ. ನಮ್ಮ ತಲೆ ಹತ್ತಿರ ಹತ್ತಿರ 5 ಕೆಜಿ ತೂಗುತ್ತದೆ. ಅದು ಒಮ್ಮೆಲೇ ಹಿಂದೆ ಮುಂದೆ ಜಗ್ಗಿದಾಗ ತಡೆದುಕೊಳ್ಳಬೇಕಾದ್ದು ಕತ್ತಿನ ಸ್ನಾಯುಗಳು, ಸಣ್ಣ ಸಣ್ಣ ಕೀಲುಗಳು.

ಸ್ಕ್ಯಾನ್ ಚೆನ್ನಾಗಿತ್ತು. ಕನ್ಕಷನ್ ಆಗಿದೆ, ಅಂದರೆ ಪೆಟ್ಟಿಗೆ ಮೆದುಳು ಅಲುಗಿದೆ, ಒಂದೆರಡು ದಿನ ವಿಶ್ರಾಂತಿ ತಗೊಳ್ಳಿ, ಆಮೇಲೆ ನಿಧಾನಕ್ಕೆ ಓಡಾಡಿ ಅಂದರು. ಓಡಾಡಿದೆ. ತಲೆನೋವು ಹೋಗಲಿಲ್ಲ. ಕತ್ತಿನ ಮೇಲ್ಭಾಗದಲ್ಲಿ ಶುರುವಾಗಿ, ತಲೆಯ ಒಂದು ಪಕ್ಕದಿಂದ ಹತ್ತಿ, ಕಣ್ಣಿನ ಹಿಂದೆ ಬಂದು ಕೂರುತ್ತಿತ್ತು. ಯಾರಾದರೂ ಹಿಂದಿನಿಂದ ಕರೆದರೆ ಇಡೀ ಮೈ ತಿರುಗಿಸಬೇಕಿತ್ತು. ಹೊರಗೆ ಗಾಯ ಕಾಣುವುದಿಲ್ಲ, ರಿಪೋರ್ಟ್ ನಾರ್ಮಲ್. ಹಾಗಿದ್ದಾಗ ನೋವು ಅಂದರೆ ನಂಬುವವರೇ ಇರುವುದಿಲ್ಲ. ಇದನ್ನು ಓದುತ್ತಿರುವ ಯಾರಿಗಾದರೂ ಹಾಗೇ ಆಗುತ್ತಿದ್ದರೆ ಹೇಳುತ್ತೇನೆ, ಆ ನೋವು ನಿಜವಾದದ್ದು.

ಕತ್ತು ಮುಟ್ಟಿ, ಒತ್ತಿ, ತಿರುಗಿಸಿ ನೋಡಿದ ಮೊದಲನೆಯವರು ಫಿಸಿಯೋ ಮೇಡಂ. ಮೇಲಿನ ಕೀಲೊಂದನ್ನು ಒತ್ತಿದ ಕೂಡಲೇ ಕಣ್ಣಿನ ಹಿಂದಿನ ಆ ನೋವು ಹಾಗೇ ಎದ್ದು ಬಂತು. "ನೋಡಿ, ನಿಮ್ಮ ತಲೆನೋವಿನ ಬೇರು ಇಲ್ಲಿದೆ" ಅಂದರು. ಕತ್ತಿನ ಮೇಲಿನ ಮೂರು ಜೊತೆ ನರಗಳೂ ಮುಖದ ನೋವು, ಸ್ಪರ್ಶ ತಿಳಿಸುವ ನರವೂ ಮೆದುಳಿನ ಬುಡದಲ್ಲಿ ಒಂದೇ ಕಡೆ ಸೇರುತ್ತವಂತೆ. ಹಾಗಾಗಿ ಕತ್ತಿನ ನೋವು ಹಣೆಯಲ್ಲೋ ಕಣ್ಣಲ್ಲೋ ಇದ್ದಂತೆ ಅನ್ನಿಸುತ್ತದೆ. ಎಲ್ಲ ತಲೆನೋವೂ ಹೀಗೇ ಅಂತಲ್ಲ. ನನ್ನದು ಹೀಗಿತ್ತು.

ಒಂದು ಮಾತು ಇಲ್ಲೇ ಹೇಳಬೇಕು. ತಲೆಗೆ ಪೆಟ್ಟಾದ ಮೇಲೆ ತಲೆನೋವು ಜಾಸ್ತಿಯಾಗುತ್ತಾ ಹೋದರೆ, ಮತ್ತೆ ಮತ್ತೆ ವಾಂತಿಯಾದರೆ, ಮಂಪರು, ಫಿಟ್ಸ್, ತೊದಲು ಮಾತು, ಕೈಕಾಲಿನಲ್ಲಿ ಶಕ್ತಿ ಇಲ್ಲದಿರುವುದು ಅಥವಾ ಜೋಮು, ಮೂತ್ರದ ಮೇಲೆ ಹಿಡಿತ ತಪ್ಪುವುದು, ಇವುಗಳಲ್ಲಿ ಒಂದು ಕಂಡರೂ ವ್ಯಾಯಾಮ ಗೀಯಾಮ ಏನೂ ಬೇಡ. ಸೀದಾ ಆಸ್ಪತ್ರೆಗೆ ಹೋಗಿ.

ಮನೆಯಲ್ಲಿ ಎಲ್ಲರದ್ದೂ ಒಂದೊಂದು ಸಲಹೆ. ಅತ್ತೆ "ಕತ್ತಿಗೆ ಪಟ್ಟಿ ಹಾಕ್ಕೊಂಡು ಸುಮ್ನೆ ಮಲಗಮ್ಮ" ಅಂದರು. ಮೂಳೆ ಮುರಿಯದಿದ್ದಾಗ ಕಾಲರ್ ಬಹಳ ದಿನ ಹಾಕಿದರೆ ಸ್ನಾಯುಗಳು ಇನ್ನೂ ಸೋಮಾರಿಯಾಗುತ್ತವೆ ಅಂತ ಮೇಡಂ ಅತ್ತೆಯನ್ನೇ ಕೂರಿಸಿ ವಿವರಿಸಿದರು. ಅತ್ತೆ ಎಣ್ಣೆ ಹಚ್ಚಿ ಬಿಸಿನೀರಿನ ಚೀಲ ಇಡುತ್ತಿದ್ದರು, ಅದು ಹಿತವಾಗಿತ್ತು. ಭಾವ ಮಾತ್ರ, ಕಟಿಂಗ್ ಶಾಪಿನಲ್ಲಿ ತೆಗೆಯುವ ಹಾಗೆ ಕತ್ತಿಗೆ ಒಂದು ನೆಟಿಗೆ ತೆಗೆಸಿದರೆ ಸರಿಹೋಗುತ್ತದೆ ಅಂದರು. ದಯವಿಟ್ಟು ಅದನ್ನು ಯಾರೂ ಮಾಡಿಸಬೇಡಿ. ಕತ್ತನ್ನು ಹಾಗೆ ಲಟಕ್ ಅಂತ ತಿರುಗಿಸಿದಾಗ ಮೆದುಳಿಗೆ ರಕ್ತ ಒಯ್ಯುವ ನಾಳದ ಒಳಪದರ ಹರಿದು ಲಕ್ವ ಹೊಡೆದದ್ದಿದೆ. ಪೆಟ್ಟು ತಿಂದ ಕತ್ತಿಗಂತೂ ಬೇಡವೇ ಬೇಡ.

ನನಗೆ ಕೊಟ್ಟ ಮೊದಲ ವ್ಯಾಯಾಮ ನೋಡಿದರೆ ಇದೇನು ಮಹಾ ಅನ್ನಿಸುತ್ತದೆ. ಅಂಗಾತ ಮಲಗಿ, ಮಂಡಿ ಮಡಚಿ, ತಲೆ ಕೆಳಗೆ ಮಡಿಸಿದ ತೆಳು ಟವೆಲ್ ಇಡಬೇಕು. ಯಾರೋ ಏನೋ ಕೇಳಿದಾಗ 'ಹೂಂ' ಅಂತ ತಲೆ ಆಡಿಸುತ್ತೇವಲ್ಲ, ಅಷ್ಟೇ ಸಣ್ಣಕ್ಕೆ ಗದ್ದವನ್ನು ಒಳಗೆ ತರಬೇಕು. ತಲೆ ಎತ್ತುವ ಹಾಗಿಲ್ಲ. 10 ಸೆಕೆಂಡ್ ಹಿಡಿದು ಬಿಡಬೇಕು, ಹೀಗೆ 10 ಸಲ. ಕತ್ತಿನ ಮುಂಭಾಗದಲ್ಲಿ ಎರಡು ಪಕ್ಕ ಹಗ್ಗದ ಹಾಗೆ ಎದ್ದು ಕಾಣುವ ಸ್ನಾಯುಗಳ ಮೇಲೆ ಬೆರಳಿಟ್ಟುಕೊಳ್ಳಬೇಕು. ಅವು ಬಿಗಿಯಾದರೆ ತಪ್ಪಾಯಿತು ಅಂತ ಲೆಕ್ಕ. ಕೆಲಸ ಮಾಡಬೇಕಾದ್ದು ಅವುಗಳ ಹಿಂದೆ, ಮೂಳೆಗೆ ಅಂಟಿಕೊಂಡ ಒಳಗಿನ ಸ್ನಾಯುಗಳು. ಪೆಟ್ಟಾದ ಮೇಲೆ ಅವು ಕೈಕಟ್ಟಿ ಕೂರುತ್ತವೆ, ಅವುಗಳ ಭಾರವನ್ನೂ ಹೊರಗಿನವು ಹೊತ್ತು ಸುಸ್ತಾಗಿ ನೋಯುತ್ತವೆ. ಕ್ಲಿನಿಕ್‌ನಲ್ಲಿ ಕತ್ತಿನ ಕೆಳಗೆ ಒಂದು ಗಾಳಿಚೀಲ ಇಟ್ಟು ಮೀಟರ್ ನನ್ನ ಕೈಗೆ ಕೊಡುತ್ತಿದ್ದರು. ಮುಳ್ಳು 20ರಲ್ಲಿ ಇರುತ್ತದೆ, ಗದ್ದ ಒಳಗೆ ತಂದಾಗ 22ಕ್ಕೆ ಹೋಗಬೇಕು, ಅಲ್ಲಿ ನಿಲ್ಲಬೇಕು. ದಿನ ಕಳೆದಂತೆ 24, 26, ಹೀಗೆ 30ರವರೆಗೆ. ಮುಳ್ಳು ನಡುಗದೆ ನಿಲ್ಲುವುದು ಬಹಳ ಕಷ್ಟ. ನಿಂತ ದಿನ ಕಣ್ಣಲ್ಲಿ ನೀರು ಬಂತು.

ಇನ್ನೊಂದು, ಲೇಸರ್ ಲೈಟಿನದು. ಹಣೆಯ ಪಟ್ಟಿಗೆ ಲೈಟ್ ಸಿಕ್ಕಿಸಿ, ಗೋಡೆಯಿಂದ 90 ಸೆಂ.ಮೀ. ದೂರ ಕೂತು, ಎದುರಿನ ಚುಕ್ಕೆಗೆ ಬೆಳಕು ಬೀಳುವಂತೆ ಇಟ್ಟುಕೊಳ್ಳುವುದು. ಕಣ್ಣು ಮುಚ್ಚಿ ತಲೆ ಪಕ್ಕಕ್ಕೆ ತಿರುಗಿಸಿ, ಮತ್ತೆ ಅದೇ ಜಾಗಕ್ಕೆ ತಂದೆ ಅನ್ನಿಸಿದಾಗ ಕಣ್ಣು ಬಿಡುವುದು. ಚುಕ್ಕೆಯಿಂದ 7 ಸೆಂ.ಮೀ.ಗಿಂತ ಜಾಸ್ತಿ ದೂರ ಬಿದ್ದಿದ್ದರೆ, ತಲೆ ಎಲ್ಲಿದೆ ಅಂತ ಕತ್ತು ಮೆದುಳಿಗೆ ಸರಿಯಾಗಿ ತಿಳಿಸುತ್ತಿಲ್ಲ ಅಂತ ಅರ್ಥ. ಸಂತೆಯ ಗದ್ದಲದಲ್ಲಿ ನನಗೆ ತೇಲಿದ ಹಾಗೆ ಆಗುತ್ತಿದ್ದುದಕ್ಕೆ ಇದೂ ಕಾರಣ ಅಂದರು. ಹಾಸಿಗೆಯಲ್ಲಿ ಮಗ್ಗಲು ಬದಲಿಸಿದಾಗ ಮನೆಯೇ ಗಿರಗಿರ ತಿರುಗುವುದು ಬೇರೆ ವಿಷಯ. ಅದು ಕಿವಿಯೊಳಗಿನ ಹರಳು ಜಾರಿದ್ದರಿಂದ ಆಗಬಹುದು, ಕಿವಿ ಡಾಕ್ಟರನ್ನು ಕೇಳಿ.

ಮಾತ್ರೆಯ ಲೆಕ್ಕವನ್ನು ಗೋಡೆಯ ಕ್ಯಾಲೆಂಡರಿನಲ್ಲೇ ಬರೆದಿಟ್ಟೆ. ಸಾಮಾನ್ಯ ನೋವಿನ ಮಾತ್ರೆಯನ್ನೂ ತಿಂಗಳಲ್ಲಿ 15 ದಿನ ಅಥವಾ ಅದಕ್ಕಿಂತ ಜಾಸ್ತಿ ನುಂಗುತ್ತಾ ಹೋದರೆ, ಮಾತ್ರೆಯೇ ತಲೆನೋವು ತರಬಹುದು.

ಇಷ್ಟೆಲ್ಲ ಮಾಡಿದರೂ, ಕೆಲಸ ಹಳೆಯ ರೀತಿಯಲ್ಲೇ ನಡೆದಿದ್ದರೆ ನನ್ನ ಕತ್ತು ಸುಧಾರಿಸುತ್ತಿರಲಿಲ್ಲ. ನಾನು ಮನೆಯಲ್ಲಿ ಬ್ಲೌಸ್ ಹೊಲಿಯುತ್ತೇನೆ, ಸೀರೆಗೆ ಫಾಲ್, ಕುಚ್ಚು ಹಾಕುತ್ತೇನೆ. ಎಲ್ಲವೂ ತಲೆ ಬಗ್ಗಿಸಿ ಮಾಡುವಂಥವು. ಬಟ್ಟೆ ಕತ್ತರಿಸುವುದನ್ನು ನೆಲದಿಂದ ಊಟದ ಮೇಜಿಗೆ ತಂದೆ. ಮೋಟರ್ ಇರುವ ಯಂತ್ರ, ಹಾಗಾಗಿ ಮೇಜಿನ ಕಾಲಿಗೆ ಮರದ ತುಂಡು ಕೊಟ್ಟು ಎತ್ತರ ಮಾಡಿಸಿದೆ. ಕುಚ್ಚಿಗೆ ಸೆರಗನ್ನು ತೊಡೆಯ ಮೇಲೆ ಹರಡಿಕೊಂಡು ನೆಲದ ಮೇಲೆ ಕೂರುವ ಅಭ್ಯಾಸವಿತ್ತು. ಈಗ ಒಂದು ಹಲಗೆಗೆ ಸೆರಗನ್ನು ಕ್ಲಿಪ್ ಹಾಕಿ, ಕಿಟಕಿಯ ಸರಳಿಗೆ ಎದೆಯ ಮಟ್ಟದಲ್ಲಿ ಕಟ್ಟುತ್ತೇನೆ. ಕುರ್ಚಿಯಲ್ಲಿ ಕೂತು, ಮೊಣಕೈ ಕೆಳಗೆ ದಿಂಬು ಕೊಟ್ಟುಕೊಂಡು ಗಂಟು ಹಾಕುತ್ತೇನೆ. ಬೆಳಕೂ ಚೆನ್ನಾಗಿ ಬೀಳುತ್ತದೆ. ಒಂದು ತೋಳು ಹೊಲಿದು ಮುಗಿಯಿತು ಅಂದರೆ ಎದ್ದೆ. ಭುಜ ಹಿಂದಕ್ಕೆ ತಿರುಗಿಸಿ, ನೀರು ಕುಡಿದು ಬಂದು ಇನ್ನೊಂದು ತೋಳು.

ಎಷ್ಟು ಮಾಡಬಹುದು ಅನ್ನುವುದಕ್ಕೆ ಮೇಡಂ ಒಂದು ಅಳತೆ ಕೊಟ್ಟರು. ಕೆಲಸವಾದ ಮೇಲೆ ಸ್ವಲ್ಪ ನೋವು ಬಂದು ಬೆಳಿಗ್ಗೆ ಹೊತ್ತಿಗೆ ಇಳಿದರೆ ಪರವಾಗಿಲ್ಲ. ಬೆಳಿಗ್ಗೆಯೂ ಹಾಗೇ ಇದ್ದರೆ ಆ ದಿನ ಅರ್ಧದಷ್ಟೇ ಮಾಡಿ, ಪೂರ್ತಿ ನಿಲ್ಲಿಸಬೇಡಿ. ನೋವಿಲ್ಲದ ದಿನ ಹುಮ್ಮಸ್ಸಿಗೆ ಎರಡು ದಿನದ್ದನ್ನು ಒಂದೇ ದಿನ ಮಾಡುವುದೂ ಬೇಡ.

ಬ್ಲೌಸ್ ಈಗ ಮುಂಚಿನಷ್ಟೇ ಹೊಲಿಯುತ್ತೇನೆ. ಕುಚ್ಚು ಮಾತ್ರ ದಿನಕ್ಕೆ ಅರ್ಧ ಸೆರಗು, ಅದೂ ಬೆಳಗಿನ ಹೊತ್ತು. ಮದುವೆ ಸೀಸನ್ನಿನಲ್ಲಿ ಸೀರೆ ತಂದವರಿಗೆ ಮೊದಲೇ ಹೇಳಿಬಿಡುತ್ತೇನೆ, ನಾಲ್ಕು ದಿನ ಹಿಡಿಯುತ್ತದೆ ಅಂತ. ಅರ್ಜೆಂಟ್ ಅಂದವರಿಗೆ ಪಕ್ಕದ ಬೀದಿಯಲ್ಲಿ ಕುಚ್ಚು ಹಾಕುವವರ ಮನೆ ತೋರಿಸಿ ಕಳಿಸುತ್ತೇನೆ.