ಪದಕಕ್ಕೆ ಬೀಳದ ಓಟು ನಾಲೆಗೆ ಬಿತ್ತು

ಈಜು ಬಿಟ್ಟ ಮೇಲೆ ಪಂಚಾಯ್ತಿ ಚುನಾವಣೆಗೆ ನಿಂತು ಗೆದ್ದವಳು ನಾನು. ಹೇಗೆ ನಿಂತೆ, ಗೆದ್ದು ಏನು ಮಾಡಿದೆ ಅಂತ ಆಟ ಬಿಟ್ಟ ಹುಡುಗಿಯರು ಆಗಾಗ ಕೇಳುತ್ತಾರೆ. ಅವರಿಗಾಗಿ ಇದು.

ನಮ್ಮೂರು ಪಾಂಡವಪುರದ ಕಡೆ, ವಿ.ಸಿ. (ವಿಶ್ವೇಶ್ವರಯ್ಯ) ನಾಲೆ ಪಕ್ಕ. ಸೊಂಟಕ್ಕೆ ಸೋರೆಬುರುಡೆ ಕಟ್ಟಿಕೊಂಡು ಅದೇ ನಾಲೆಯಲ್ಲಿ ಈಜು ಕಲಿತೆ. ಆಮೇಲೆ ಮೈಸೂರಿನ ಸರಸ್ವತಿಪುರಂನ ವಿಶ್ವವಿದ್ಯಾನಿಲಯದ ಕೊಳ. 200 ಮೀಟರ್ ಬ್ರೆಸ್ಟ್ ಸ್ಟ್ರೋಕಿನಲ್ಲಿ ರಾಜ್ಯಮಟ್ಟದ ಚಿನ್ನ ಬಂತು, ದಸರಾ ಕ್ರೀಡಾಕೂಟದಲ್ಲೂ ಬಂತು. ಕೊನೆಗೆ ಮಂಡಿ ಕೈಕೊಟ್ಟಿತು. ಈ ಸ್ಟ್ರೋಕಿನವರಿಗೆ ಮಂಡಿಯ ಒಳಮಗ್ಗುಲ ನೋವು ಮಾಮೂಲಿ, ಕಪ್ಪೆಯ ಹಾಗೆ ಒದ್ದೂ ಒದ್ದೂ ಬರುವಂಥದ್ದು.

2020ರ ಡಿಸೆಂಬರಿನಲ್ಲಿ ಗ್ರಾಮ ಪಂಚಾಯ್ತಿ ಚುನಾವಣೆ ಬಂತು. ನಮ್ಮ ವಾರ್ಡಿನ ಒಂದು ಸೀಟು ಸಾಮಾನ್ಯ ಮಹಿಳೆಗೆ ಮೀಸಲು. ನಿಲ್ಲು ಅಂತ ಹಿಡಿದುಕೊಂಡವರು ನಮ್ಮ ಚಿಕ್ಕಪ್ಪ. ಪೇಪರ್ ಓದುವ ಮನುಷ್ಯ, ಉದಾಹರಣೆ ಜೇಬಿನಲ್ಲೇ ಇರುತ್ತದೆ. ಬಂಗಾಳದ ಈಜುಗಾರ್ತಿ ಬುಲಾ ಚೌಧುರಿ 2006ರಲ್ಲಿ ಶಾಸಕಿ ಆಗಲಿಲ್ಲವೇ, ಜಿಂಬಾಬ್ವೆಯ ಕರ್ಸ್ಟಿ ಕವೆಂಟ್ರಿ ಏಳು ಒಲಿಂಪಿಕ್ ಪದಕ ಗೆದ್ದು 2018ರಲ್ಲಿ ಕ್ರೀಡಾ ಸಚಿವೆ ಆಗಲಿಲ್ಲವೇ ಅಂದರು. ಅವರೆಲ್ಲ ದೊಡ್ಡವರು. ನನಗೆ ಹಿಡಿಸಿದ್ದು ಆಸ್ಟ್ರೇಲಿಯಾದ ಡಾನ್ ಫ್ರೇಸರ್. 1956, 1960, 1964, ಸತತ ಮೂರು ಒಲಿಂಪಿಕ್ಸಿನಲ್ಲಿ 100 ಮೀಟರ್ ಫ್ರೀಸ್ಟೈಲ್ ಚಿನ್ನ ಗೆದ್ದವರು 1988ರಲ್ಲಿ ತಾವು ಹುಟ್ಟಿ ಬೆಳೆದ ಸಿಡ್ನಿಯ ಬಾಲ್ಮೇನಿನಲ್ಲೇ ವಿಧಾನಸಭೆಗೆ ಪಕ್ಷೇತರರಾಗಿ ನಿಂತು ಗೆದ್ದರು. 1991ರಲ್ಲಿ ಸೋತರು ಅನ್ನುವುದನ್ನು ಚಿಕ್ಕಪ್ಪ ಹೇಳಲಿಲ್ಲ, ನಾನೇ ಹುಡುಕಿ ತಿಳಿದೆ.

ಓಟು ಕೇಳಲು ಹೋದಾಗ ಮೊದಲ ಬೀದಿಯಲ್ಲೇ ಒಂದು ಅಜ್ಜಿ ಕೇಳಿತು: "ಅದೆಂಥದೋ ಚಿನ್ನದ ಪದಕ ಅಂತಲ್ಲ ಕಣವ್ವ, ಅಡ ಇಟ್ರೆ ಎಷ್ಟ್ ಕೊಟ್ಟಾರು?" ಊರಿಗೆ ನನ್ನ ಟೈಮಿಂಗ್ ಬೇಕಾಗಿರಲಿಲ್ಲ. "ಮೇಗಲ ಬೀದಿ ಹೈದನ್ನ ನಾಲೆಯಿಂದ ಎಳ್ಕಂಡ್ ಬಂದೋಳು ನೀನೇ ಅಲ್ವಾ?" ಅಂತ ಇನ್ನೊಬ್ಬರು ಕೇಳಿದರಲ್ಲ, ನನ್ನ ಗುರುತು ಅದು. 2018ರ ನವೆಂಬರ್ 24ರಂದು ಕನಗನಮರಡಿ ಹತ್ತಿರ ಬಸ್ಸು ನಾಲೆಗೆ ಬಿದ್ದು 30 ಜನ ಸತ್ತಿದ್ದು ನಮ್ಮ ಕಡೆ ಯಾರ ತಲೆಯಿಂದಲೂ ಹೋಗಿರಲಿಲ್ಲ. ಹಾಗಾಗಿ ಪದಕದ ಮಾತು ಬಿಟ್ಟೆ. ಬಟ್ಟೆ ಒಗೆಯುವ ಕಡೆ ಮೆಟ್ಟಿಲು, ಹೊಂಡಗಳಿಗೆ ಹಗ್ಗ, ಹೆಣ್ಣುಮಕ್ಕಳಿಗೆ ಈಜು, ಇಷ್ಟನ್ನೇ ಹೇಳಿಕೊಂಡು ತಿರುಗಿದೆ.

ಪಂಚಾಯ್ತಿ ಚುನಾವಣೆಗೆ ಪಕ್ಷದ ಚಿಹ್ನೆ ಇಲ್ಲ. ಪಕ್ಷ ಇದ್ದೇ ಇದೆ, ಅದು ಬೇರೆ ಮಾತು. ನಮ್ಮ ವಾರ್ಡಿಗೆ ನಾಲ್ಕು ಸೀಟು, ಒಬ್ಬ ಮತದಾರ ನಾಲ್ಕಕ್ಕೂ ಓಟು ಹಾಕಬಹುದು. ಅಂದಮೇಲೆ ಒಬ್ಬರೇ ಗೆಲ್ಲುವುದು ಕಷ್ಟ, ಗುಂಪು ಕಟ್ಟಬೇಕು. ಇದು ನನಗೆ ಹೊಸದು. ಕೊಳದಲ್ಲಿ ನನ್ನ ಲೇನಿಗೆ ಯಾರೂ ಬರುವಂತಿಲ್ಲ, ಇಲ್ಲಿ ಪಕ್ಕದವರ ಓಟು ಒಡೆದರೆ ನನ್ನದೂ ಒಡೆಯುತ್ತದೆ. ಮಹಿಳೆಯರಿಗೆ ಠೇವಣಿ ಬರೀ 100 ರೂಪಾಯಿ, ಖರ್ಚು ಮಾಡಿಸುವುದು ಬಾಡೂಟ. ಮನೆಯಲ್ಲಿ ಕಾಫಿ ಕೊಟ್ಟೆ, ಬಾಡೂಟ ಹಾಕಲಿಲ್ಲ. ಅದಕ್ಕೇ ಅಂತರ ಕಮ್ಮಿ ಬಂತು ಅಂತ ಚಿಕ್ಕಪ್ಪನ ವಾದ. ಇದ್ದರೂ ಇರಬಹುದು.

ಗೆದ್ದ ಮೇಲೆ ಮೊದಲ ಸಭೆಗೆ ಹೋದರೆ ಕುರ್ಚಿಗಳಲ್ಲಿ ಅರ್ಧ ಮಂದಿ ಸದಸ್ಯೆಯರ ಗಂಡಂದಿರು. ನಮ್ಮ ಯಜಮಾನರು ಬರಲಿಲ್ಲ. "ನೀನ್ ಈಜ್ತಿದ್ದಾಗ ನಾನೇನ್ ನೀರಿಗೆ ಇಳೀತಿದ್ನಾ?" ಅಂದರು.

ಮೆಟ್ಟಿಲಿನ ಕೆಲಸ ಸ್ವಲ್ಪ ವಿವರವಾಗಿ ಹೇಳಬೇಕು. ನಾಲೆಗೆ ಕಾಂಕ್ರೀಟ್ ಹೊದಿಸಿದ ಕಡೆ ಇಳಿಜಾರು ಗೋಡೆಗೆ ಪಾಚಿ ಕಟ್ಟುತ್ತದೆ. ಬಿದ್ದವರಿಗೆ ಈಜು ಬಂದರೂ ಹತ್ತಲು ಆಗುವುದಿಲ್ಲ, ಕೈ ಜಾರುತ್ತದೆ, ಅಲ್ಲೇ ಹೋರಾಡಿ ಸುಸ್ತಾಗುತ್ತಾರೆ. ಹೋರಾಡಬಾರದು. ಅಂಗಾತ ಮಲಗಿ, ಕಾಲು ಮುಂದೆ ಮಾಡಿ ನೀರಿನ ಜೊತೆ ಹೋಗಬೇಕು, ಮುಂದಿನ ಮೆಟ್ಟಿಲೋ ಸೇತುವೆಯೋ ಸಿಕ್ಕ ಕಡೆ ಹಿಡಿಯಬೇಕು. ಆದರೆ ಹಿಡಿಯಲು ಮೆಟ್ಟಿಲು ಇರಬೇಕಲ್ಲ? ನಾಲೆ ಪಂಚಾಯ್ತಿಯದಲ್ಲ, ನಾವು ನಿರ್ಣಯ ಮಾಡಿ ಕಳಿಸಬಹುದು ಅಷ್ಟೇ. "ಮೆಟ್ಟಿಲು ಬೇಕು" ಅಂತ ಬರೆದರೆ ಆ ಕಾಗದ ಎಲ್ಲಿಗೂ ಹೋಗುವುದಿಲ್ಲ. ಎರಡು ಮೆಟ್ಟಿಲುಗಳ ನಡುವೆ ಎಷ್ಟು ದೂರ, ಯಾವ ಕಿಲೋಮೀಟರ್ ಕಲ್ಲಿನ ಹತ್ತಿರ, ಅಲ್ಲಿ ಎಷ್ಟು ಮನೆಯವರು ಬಟ್ಟೆ ಒಗೆಯುತ್ತಾರೆ, ಇದನ್ನೆಲ್ಲ ನಡೆದು ಬರೆದುಕೊಂಡೆ. ಪಿಡಿಒ (ಪಂಚಾಯ್ತಿ ಅಭಿವೃದ್ಧಿ ಅಧಿಕಾರಿ) ಅವರ ಪಕ್ಕ ಕೂತು ನಡಾವಳಿ ಪುಸ್ತಕದಲ್ಲಿ ಅಷ್ಟೂ ಸೇರಿಸಿದೆ. ಸಹಿ ಹಾಕುವ ಮುಂಚೆ ಓದಿದೆ. ಇದನ್ನು ಮಾತ್ರ ಯಾವ ಸದಸ್ಯೆಯೂ ಗಂಡನಿಗೆ ಬಿಡಬಾರದು. ಸುಮಾರು ಓಡಾಟದ ಮೇಲೆ ಎರಡು ಕಡೆ ಮೆಟ್ಟಿಲು ಬಂತು. ಕೇಳಿದ್ದು ಅದಕ್ಕಿಂತ ಜಾಸ್ತಿ.

ಕೃಷಿ ಹೊಂಡದ ಕೆಲಸ ಸುಲಭ. ಖುಷ್ಕಿ ಜಮೀನಿನ ಕಡೆ ಹೊಂಡಕ್ಕೆ ಪ್ಲಾಸ್ಟಿಕ್ ಹಾಳೆ ಹೊದಿಸಿರುತ್ತಾರೆ, ಅದು ಕಾಂಕ್ರೀಟಿಗಿಂತ ಜಾರು. ತಂತಿ ಬೇಲಿ ಹಾಕಿಸಲು ದುಡ್ಡು ಬೇಕು. ಅದು ಬರುವವರೆಗೆ ಗಟ್ಟಿ ಗೂಟ ಹೊಡೆದು, ಮೊಳಕ್ಕೊಂದು ಗಂಟು ಹಾಕಿದ ದಪ್ಪ ಹಗ್ಗವನ್ನು ನೀರಿನೊಳಗೆ ಇಳಿಬಿಡಿ ಅಂತ ಮನೆಮನೆಗೆ ಹೇಳಿದೆ. ಗಂಟಿಲ್ಲದ ಹಗ್ಗ ಒದ್ದೆ ಕೈಗೆ ನಿಲ್ಲುವುದಿಲ್ಲ. ಕೆಲವರು ಕಟ್ಟಿದರು. ಕೆಲವರು ಆ ಹಗ್ಗ ಬಿಚ್ಚಿ ಎಮ್ಮೆ ಕಟ್ಟಿದರು.

ಈಜು ಕಲಿಸಲು ಉದ್ಯೋಗ ಖಾತರಿಯಲ್ಲಿ ಹೂಳೆತ್ತಿದ ದೇವಸ್ಥಾನದ ಕಲ್ಯಾಣಿ ಸಿಕ್ಕಿತು. ಊರಿನ ಹಿರಿಯರು ಒಪ್ಪಿದರು, ತಕರಾರು ಬಂದಿದ್ದು ಬಟ್ಟೆಗೆ. ಈಜುಡುಗೆ ಆಗಲ್ಲ ಅಂತ ತಾಯಂದಿರು. ಬೇಡ ಬಿಡಿ, ಚೂಡಿದಾರಲ್ಲೇ ಇಳೀಲಿ ಅಂದೆ. ನಾಲೆಗೆ ಬೀಳುವವರು ಈಜುಡುಗೆ ಹಾಕಿಕೊಂಡು ಬೀಳುತ್ತಾರಾ? ದುಪಟ್ಟಾ ಮಾತ್ರ ಬಿಚ್ಚಿಸಿದೆ, ಕತ್ತಿಗೆ ಸುತ್ತಿಕೊಳ್ಳುತ್ತದೆ. ಮೊದಲು ಅಂಗಾತ ತೇಲುವುದು, ಆಮೇಲೆ ಕೈಕಾಲು. ಈಗ ಬೆಳಗ್ಗೆ ತಾಯಂದಿರೂ ಇಬ್ಬರು ಮೂವರು ಬರುತ್ತಾರೆ.

ಮೀಸಲಾತಿ ಪ್ರತಿ ಸಲ ಬದಲಾಗುತ್ತದೆ. ಮುಂದಿನ ಸಲ ನಮ್ಮ ವಾರ್ಡಿಗೆ ಯಾವುದು ಬರುತ್ತದೋ ಪಟ್ಟಿ ನೋಡಬೇಕು. ಚಿಕ್ಕಪ್ಪ ಆಗಲೇ ತಾಲ್ಲೂಕು ಪಂಚಾಯ್ತಿ ಅನ್ನುತ್ತಿದ್ದಾರೆ, ಈ ಸಲ ಬಾಡೂಟದ ಲೆಕ್ಕದ ಸಮೇತ.