ಚೇಂಬರ್ ಮುಚ್ಚಳ ತೆಗೆಸಿ ನೋಡಿದ ಮೇಲೇ ಅಡ್ವಾನ್ಸ್: ನನ್ನ ದರ್ಶಿನಿಯ ಗ್ರೀಸ್ ಟ್ರ್ಯಾಪ್ ಅನುಭವ

ಹೋಟೆಲ್‌ಗೆ ಮಳಿಗೆ ನೋಡಲು ಹೋದಾಗ ನಾನು ಮಾಲೀಕರನ್ನು ಮೊದಲು ಕೇಳುತ್ತಿದ್ದದ್ದು, "ಸಾರ್, ಯುಜಿಡಿ ಚೇಂಬರ್ ಎಲ್ಲಿದೆ? ಸ್ವಲ್ಪ ಮುಚ್ಚಳ ತೆಗೆಸ್ತೀರಾ?" ಯುಜಿಡಿ ಅಂದರೆ ಒಳಚರಂಡಿ, ಚೇಂಬರ್ ಅಂದರೆ ಅದರ ಮುಚ್ಚಳದ ಗುಂಡಿ. ಬಾಡಿಗೆ ಮಾತು ಆಮೇಲೆ. ಅಡುಗೆಮನೆ ನೆಲದಿಂದ ಹೊರಗಿನ ಚೇಂಬರ್‌ವರೆಗೆ ಇಳಿಜಾರು ಸಿಗಬೇಕು, ನಡುವೆ ಗ್ರೀಸ್ ಟ್ರ್ಯಾಪ್, ಅಂದರೆ ಮುಸುರೆ ನೀರಿನ ಜಿಡ್ಡು ತಡೆಯುವ ಪೆಟ್ಟಿಗೆ, ಕೂರಿಸಲು ಜಾಗ ಇರಬೇಕು. ಇವೆರಡೂ ಇಲ್ಲ ಅಂದ್ರೆ ಎಂಥಾ ಒಳ್ಳೆ ಮೂಲೆ ಅಂಗಡಿ ಆದರೂ ನೆಲ ಎತ್ತರಿಸೋದಕ್ಕೇ ದುಡ್ಡು ಸುರಿಯಬೇಕಾಗುತ್ತದೆ.

ಕಾಗದ ಪತ್ರದ ವಿಷಯ ಬೇಗ ಹೇಳಿಬಿಡ್ತೀನಿ. ಮಂಜೂರಾದ ನಕ್ಷೆಯಲ್ಲಿ ಆ ಮಹಡಿ ವಾಣಿಜ್ಯ ಬಳಕೆಗೆ ಅಂತ ಇದೆಯಾ ನೋಡಿದೆ. ಕರೆಂಟ್ ಬಿಲ್ ಎಲ್‌ಟಿ-3, ಅಂದರೆ ವಾಣಿಜ್ಯ ದರದಲ್ಲಿ ಇರಬೇಕು. ಜಲಮಂಡಳಿ ಬಿಲ್ಲೂ ಗೃಹೇತರ ಆಗಿರಬೇಕು. ಇಷ್ಟು ಸರಿ ಇದ್ದರೆ ಉದ್ದಿಮೆ ಪರವಾನಗಿಗೆ ಓಡಾಟ ಕಡಿಮೆ. ಕಂಬ, ತೊಲೆ ಮುಟ್ಟುವ ಕೆಲಸ ನಾನು ಇಟ್ಟುಕೊಳ್ಳಲೇ ಇಲ್ಲ. ಅದಕ್ಕೆ ಬೇರೆ ಅನುಮತಿ ಬೇಕು. 2025ರ ಸೆಪ್ಟೆಂಬರ್‌ನಲ್ಲಿ ಬೆಂಗಳೂರಿನ ಬಿಬಿಎಂಪಿ ಹೋಗಿ 5 ಪಾಲಿಕೆ ಆಗಿವೆ. ಈಗ ಅರ್ಜಿ ಹಾಕುವವರು ತಮ್ಮ ವಾರ್ಡ್ ಯಾವ ಪಾಲಿಕೆಗೆ ಸೇರಿದೆ ಅಂತ ಮೊದಲು ನೋಡಿಕೊಳ್ಳಿ.

ಕೆಲಸಕ್ಕೆ ಬಂದ ಒಬ್ಬ ಕಾಂಟ್ರಾಕ್ಟರ್ "ನಾನು ಪಿಡಬ್ಲ್ಯೂಡಿ ಕ್ಲಾಸ್ ಒನ್" ಅಂತ ಕಾರ್ಡ್ ತೋರಿಸಿದರು. ಒಳ್ಳೆಯದೇ. ಆದರೆ ಆ ನೋಂದಣಿ ಸರ್ಕಾರಿ ಟೆಂಡರ್‌ಗೆ. ನನ್ನ ಮುಸುರೆ ನೀರಿಗೂ ಅದಕ್ಕೂ ಏನು ಸಂಬಂಧ? ನನಗೆ ಬೇಕಾಗಿದ್ದು ಜಲಮಂಡಳಿಯ ಲೈಸೆನ್ಸ್ ಇರುವ ಪ್ಲಂಬರ್, ವಿದ್ಯುತ್ ಪರಿವೀಕ್ಷಣಾಲಯದ ಲೈಸೆನ್ಸ್ ಇರುವ ಎಲೆಕ್ಟ್ರಿಕಲ್ ಗುತ್ತಿಗೆದಾರ. ಇಬ್ಬರ ಲೈಸೆನ್ಸ್ ಪ್ರತಿ ಇಸ್ಕೊಂಡು, ಅವಧಿ ಮುಗಿದಿಲ್ಲ ಅಂತ ನೋಡಿಯೇ ಕೆಲಸ ಕೊಟ್ಟೆ. ಇನ್ನೊಬ್ಬರು ಪಾತ್ರೆ ತೊಳೆಯುವ ನೀರನ್ನು ನೇರವಾಗಿ ಮಳೆನೀರಿನ ಚರಂಡಿಗೆ ಬಿಟ್ಟುಬಿಡೋಣ, ಯಾರು ನೋಡ್ತಾರೆ ಅಂದರು. ಅವರಿಗೆ ಕಾಫಿ ಕೊಟ್ಟು ಕಳಿಸಿದೆ.

ಟ್ರ್ಯಾಪ್ ಅಳತೆಯನ್ನು ಅಂಗಡಿಯವರ ಮಾತಿಗೆ ಬಿಡಬೇಡಿ. ಲೆಕ್ಕ ಸುಲಭ. ನನ್ನ ಸಿಂಕ್ 60 ಸೆಂ.ಮೀ. ಉದ್ದ, 45 ಅಗಲ, 30 ಆಳ. ಅಂದರೆ 81 ಲೀಟರ್. ಮುಕ್ಕಾಲು ತುಂಬಿದರೆ ಸುಮಾರು 60. ಅದು 2 ನಿಮಿಷದಲ್ಲಿ ಖಾಲಿಯಾದರೆ ನಿಮಿಷಕ್ಕೆ 30 ಲೀಟರ್. ಇಂಥ ಎರಡು ಸಿಂಕ್ ಒಟ್ಟಿಗೆ ಬಿಟ್ಟರೆ 60. ನಿಮಿಷಕ್ಕೆ ಅಷ್ಟು ನೀರು ತಡೆಯುವ ಟ್ರ್ಯಾಪ್ ತಂದೆ. ಚಿಕ್ಕದು ತಂದರೆ ನೀರು ನಿಲ್ಲುವುದೇ ಇಲ್ಲ. ನೀರು ನಿಂತು ತಣ್ಣಗಾದರೆ ತಾನೇ ಜಿಡ್ಡು ಮೇಲೆ ತೇಲುವುದು, ಅನ್ನದ ಅಗುಳು ತಳಕ್ಕೆ ಕೂರುವುದು, ನಡುವಿನ ನೀರು ಮಾತ್ರ ಆಚೆ ಹೋಗುವುದು? ಟಾಯ್ಲೆಟ್ ಪೈಪನ್ನು ಇದಕ್ಕೆ ಸೇರಿಸಲೇಬಾರದು. ಅದು ಟ್ರ್ಯಾಪ್ ದಾಟಿದ ಮೇಲೆ ಬೇರೆಯಾಗಿ ಚೇಂಬರ್‌ಗೆ ಬರಬೇಕು.

ಅಸಲಿ ಕೆಲಸ ಶುರುವಾಗೋದು ಕೂರಿಸಿದ ಮೇಲೆ. ಡಿಸೆಂಬರ್ ಬೆಳಿಗ್ಗೆ ಮುಚ್ಚಳ ತೆಗೆದರೆ ಬೆಣ್ಣೆ, ಡಾಲ್ಡಾ, ವಡೆ ಎಣ್ಣೆ ಎಲ್ಲ ಸೇರಿ ಬಿಳಿ ಹೆಪ್ಪಾಗಿ ಕೂತಿರುತ್ತದೆ. ಅದನ್ನು ಸೌಟಿನಿಂದ ಸರಿಸಿದರೆ ಕೆಳಗೆ ಕಂದು ನೀರು. ತಳದಲ್ಲಿ ಕರಿಬೇವು, ಬೇಳೆ, ಚಟ್ನಿಯ ಕಾಯಿತುರಿ. ವಾಸನೆ ಬರೋದು ಮೇಲಿನ ಜಿಡ್ಡಿಗಿಂತ ಜಾಸ್ತಿ ಈ ತಳದಿಂದ, ಅದರಲ್ಲೂ ಗ್ರೈಂಡರ್ ತೊಳೆದ ಹಿಟ್ಟಿನ ನೀರಿನಿಂದ. ಹಾಗಾಗಿ ಗ್ರೈಂಡರ್ ಹಿಟ್ಟನ್ನು ಕೈಯಲ್ಲಿ ಬಳಿದು ತೆಗೆದ ಮೇಲೇ ನೀರು ಹಾಕಬೇಕು ಅಂತ ಹುಡುಗರಿಗೆ ಹೇಳಿದ್ದೇನೆ. ತಟ್ಟೆಯನ್ನು ಮೊದಲು ಹಸಿ ಕಸದ ಡಬ್ಬಕ್ಕೆ ಕೊಡವಬೇಕು. ಬಾಣಲೆಯನ್ನು ಪೇಪರ್‌ನಲ್ಲಿ ಒರೆಸಬೇಕು. ಸಿಂಕ್ ಜಾಲರಿ ಯಾವತ್ತೂ ಎತ್ತಿಡಬಾರದು.

ಯಾವಾಗ ತೆಗೆಸಬೇಕು? ಪಿವಿಸಿ ಕಡ್ಡಿಯೊಂದಕ್ಕೆ ಗೆರೆ ಹಾಕಿ ಇಟ್ಟಿದ್ದೇನೆ. ಮೇಲಿನ ಜಿಡ್ಡು, ತಳದ ಕೆಸರು ಎರಡೂ ಸೇರಿ ಆಳದ ಕಾಲು ಭಾಗ ಮುಟ್ಟಿತೋ, ಅವತ್ತೇ ರಾತ್ರಿ ಅಂಗಡಿ ಮುಚ್ಚಿದ ಮೇಲೆ ತೆಗೆಸುತ್ತೇನೆ. ನನ್ನ ಟ್ರ್ಯಾಪ್‌ನಲ್ಲಿ ನೀರಿನ ಆಳ 40 ಸೆಂ.ಮೀ., ಆದ್ದರಿಂದ ಗೆರೆ 10ಕ್ಕೆ. ಕುದಿಯುವ ನೀರು ಸುರಿದರೆ ಕ್ಲೀನ್ ಆಗುತ್ತೆ ಅನ್ನುವವರಿದ್ದಾರೆ. ಜಿಡ್ಡು ಕರಗಿ ಟ್ರ್ಯಾಪ್ ದಾಟಿ, ಮುಂದೆ ಪೈಪಿನಲ್ಲಿ ಮತ್ತೆ ಗಟ್ಟಿಯಾಗುತ್ತದೆ, ಅಷ್ಟೇ. ತೆಗೆದ ಜಿಡ್ಡನ್ನು ಡ್ರಮ್‌ನಲ್ಲಿ ಮುಚ್ಚಿಟ್ಟು ಸಾಗಿಸುವವರಿಗೆ ಕೊಡುತ್ತೇವೆ. ತಾರೀಖು, ಕಡ್ಡಿ ಅಳತೆ, ತೆಗೆದವರ ಸಹಿ, ಸಾಗಿಸಿದವರ ರಸೀದಿ ಒಂದೇ ಪುಸ್ತಕದಲ್ಲಿ. ಇನ್‌ಸ್ಪೆಕ್ಷನ್‌ಗೆ ಬಂದವರು ಕೇಳಿದರೆ ಅದನ್ನೇ ಮುಂದಿಡುತ್ತೇನೆ. ದೊಡ್ಡ ಹೋಟೆಲ್‌ಗಳ ನೆಲದಡಿ ತೊಟ್ಟಿಗೆ ಮಾತ್ರ ಪಂಪ್ ಗಾಡಿಯೇ ಆಗಬೇಕು, ಆಳು ಇಳಿಸಬೇಡಿ. ಚರಂಡಿ, ಸೆಪ್ಟಿಕ್ ಟ್ಯಾಂಕಿಗೆ ರಕ್ಷಣೆ ಇಲ್ಲದೆ ಇಳಿಸುವುದು 2013ರ ಕಾಯ್ದೆ ಪ್ರಕಾರ ಅಪರಾಧ. ಈ ತೊಟ್ಟಿಯಲ್ಲೂ ಇರುವುದು ಅದೇ ವಿಷಗಾಳಿ.

ಕರಿದ ಎಣ್ಣೆಯ ಲೆಕ್ಕ ಬೇರೆ, ಅದನ್ನು ಟ್ರ್ಯಾಪ್‌ಗೆ ಬಿಡುವಂತಿಲ್ಲ. 2018ರ ಜುಲೈ 1ರಿಂದ ಎಣ್ಣೆಯಲ್ಲಿ ಪೋಲಾರ್ ಅಂಶ (ಮತ್ತೆ ಮತ್ತೆ ಕಾಯಿಸಿದಾಗ ಎಣ್ಣೆ ಕೆಟ್ಟು ಹೆಚ್ಚುವ ಅಂಶ) 25% ದಾಟಿದರೆ ಬಳಸುವ ಹಾಗಿಲ್ಲ. ದಿನಕ್ಕೆ 50 ಲೀಟರ್‌ಗಿಂತ ಜಾಸ್ತಿ ಎಣ್ಣೆಯಲ್ಲಿ ಕರಿಯುವವರು 2019ರ ಮಾರ್ಚ್ 1ರಿಂದ ಲೆಕ್ಕ ಇಡಲೇಬೇಕು, ಅಧಿಕೃತ ಸಂಗ್ರಹಕಾರರಿಗೇ ಕೊಡಬೇಕು. ನಮ್ಮದು ಅಷ್ಟು ದೊಡ್ಡ ಅಂಗಡಿ ಅಲ್ಲ. ಆದರೂ ಬಯೋಡೀಸೆಲ್‌ಗೆ ಒಯ್ಯುವವರಿಗೇ ಕೊಡ್ತೀವಿ. ಕ್ಯಾನ್ ಹಿಡಿದು ಬಂದು ಎರಡು ರೂಪಾಯಿ ಜಾಸ್ತಿ ಕೊಡ್ತೀವಿ ಅನ್ನುವವರ ಕೈಗೆ ಹೋದರೆ ಅದು ಮತ್ತೆ ಯಾವುದೋ ಬಾಣಲೆಗೇ ಅಲ್ವಾ?

ಬಾಡಿಗೆ ಕರಾರಿನಲ್ಲಿ ಒಂದು ಸಾಲು ಸೇರಿಸಿಕೊಂಡಿದ್ದೇನೆ: ಟ್ರ್ಯಾಪ್ ನನ್ನದು, ಖಾಲಿ ಮಾಡುವಾಗ ಬಿಚ್ಚಿಕೊಂಡು ಹೋಗುತ್ತೇನೆ, ಅಲ್ಲಿಂದ ರಸ್ತೆ ಚೇಂಬರ್‌ವರೆಗಿನ ಪೈಪ್ ಮಾಲೀಕರದು, ಒಡೆದರೆ ಅವರೇ ಮಾಡಿಸಿಕೊಡಬೇಕು. ಮಾಲೀಕರು ಸ್ವಲ್ಪ ಗೊಣಗಿದರು, ಆದರೆ ಸಹಿ ಹಾಕಿದರು.